ಮೆದುಳಿನ ಪಿಸುಮಾತು ಕೇಳುವ ಪ್ಲಾಸ್ಟಿಕ್

ಮನೆಯಲ್ಲಿ ಬಿಸಾಡಲೆಂದು ಇಟ್ಟಿರುವ ಹಳೆಯ ವಯರಿನ ತುದಿಯನ್ನೊಮ್ಮೆ ನೋಡಿ. ಒಳಗೆ ತಾಮ್ರದ ತಂತಿ, ಹೊರಗೆ ಪ್ಲಾಸ್ಟಿಕ್ ಹೊದಿಕೆ. ತಾಮ್ರ ವಿದ್ಯುತ್ತನ್ನು ಹರಿಸುತ್ತದೆ, ಪ್ಲಾಸ್ಟಿಕ್ ತಡೆಯುತ್ತದೆ. ಇದು ಐದನೇ ತರಗತಿಯ ಮಗುವಿಗೂ ಗೊತ್ತಿರುವ ಪಾಠ. ಮಿಕ್ಸಿಯ ಸ್ವಿಚ್ಚನ್ನು ಹಿಂದುಮುಂದು ನೋಡದೆ ಒತ್ತುವುದು, ಇಸ್ತ್ರಿಪೆಟ್ಟಿಗೆಯ ಹಿಡಿಯನ್ನು ಧೈರ್ಯದಿಂದ ಹಿಡಿಯುವುದು ಪ್ಲಾಸ್ಟಿಕ್‌ನ ಈ ಗುಣವನ್ನು ನಂಬಿಯೇ.

ಆದರೆ ವಿದ್ಯುತ್ತನ್ನು ಹರಿಸುವ ಪ್ಲಾಸ್ಟಿಕ್ ಕೂಡ ಇದೆ. ಅಷ್ಟೇ ಅಲ್ಲ, ಅದೇ ಪ್ಲಾಸ್ಟಿಕ್ ಇಂದು ಪ್ರಯೋಗಾಲಯದ ಗಾಜಿನ ತಟ್ಟೆಗಳಲ್ಲಿ ಬೆಳೆಯುವ ಮೆದುಳಿನ ಜೀವಕೋಶಗಳ ಕೆಳಗೆ ಕುಳಿತು, ಅವು ಪರಸ್ಪರ ಆಡುವ ಪಿಸುಮಾತನ್ನು ಕೇಳಿಸಿಕೊಳ್ಳುತ್ತಿದೆ. ಅಪಸ್ಮಾರ, ಮಾನಸಿಕ ರೋಗ, ಗರ್ಭದಲ್ಲಿರುವ ಮಗುವಿನ ಮೆದುಳಿನ ಮೇಲೆ ಔಷಧಗಳು ಬೀರುವ ಪರಿಣಾಮ ಮುಂತಾದ ನಮ್ಮ ಮನೆಗಳ ಸಂಕಟಗಳಿಗೂ ಈ ಸಂಶೋಧನೆಗೂ ನೇರ ಸಂಬಂಧವಿದೆ. ಆದ್ದರಿಂದ ಇದು ವಿಜ್ಞಾನಿಗಳಿಗೆ ಮಾತ್ರ ಬಿಟ್ಟುಬಿಡುವ ವಿಷಯವಲ್ಲ.

ಸಾವಿರ ಪಟ್ಟು ಹೆಚ್ಚಾದ ಅಳತೆ

1967ರಲ್ಲಿ ಜಪಾನಿನ ಟೋಕಿಯೋ ತಾಂತ್ರಿಕ ವಿದ್ಯಾಸಂಸ್ಥೆಯಲ್ಲಿ ಹಿದೆಕಿ ಶಿರಾಕಾವಾ ಎಂಬ ಯುವ ರಸಾಯನ ವಿಜ್ಞಾನಿ ಪಾಲಿಅಸಿಟಿಲೀನ್ ಎಂಬ ವಸ್ತುವಿನ ಬಗ್ಗೆ ಸಂಶೋಧನೆ ನಡೆಸುತ್ತಿದ್ದರು. ಅವರ ಪ್ರಯೋಗಾಲಯಕ್ಕೆ ಬಂದಿದ್ದ ಅತಿಥಿ ಸಂಶೋಧಕರೊಬ್ಬರು ಅದನ್ನು ತಯಾರಿಸುವಾಗ ಕ್ರಿಯೆಗೆ ವೇಗ ನೀಡುವ ರಾಸಾಯನಿಕವನ್ನು ಬೇಕಾದುದಕ್ಕಿಂತ ಸುಮಾರು ಸಾವಿರ ಪಟ್ಟು ಹೆಚ್ಚು ಹಾಕಿಬಿಟ್ಟರು. ಅಡುಗೆಯಲ್ಲಾದರೆ ಇಡೀ ಪಾತ್ರೆಯನ್ನೇ ಚೆಲ್ಲಬೇಕಾಗಿತ್ತು. ಇಲ್ಲಿ ಮಾತ್ರ ಸಾಮಾನ್ಯ ಕಪ್ಪು ಪುಡಿಯ ಬದಲು, ಬೆಳ್ಳಿಯಂತೆ ಹೊಳೆಯುವ ತೆಳುವಾದ ಹಾಳೆಯೊಂದು ಪಾತ್ರೆಯಲ್ಲಿ ಕಾಣಿಸಿಕೊಂಡಿತು.

ಶಿರಾಕಾವಾ ಅದನ್ನು ಎಸೆಯಲಿಲ್ಲ. ಹೀಗೇಕಾಯಿತು ಎಂದು ಕೆದಕಿ ನೋಡಿದರು. ಕೆಲವು ವರ್ಷಗಳ ನಂತರ ಅಮೆರಿಕದ ಅಲನ್ ಮ್ಯಾಕ್‌ಡಯರ್ಮಿಡ್ ಟೋಕಿಯೋಗೆ ಬಂದಾಗ ಕಾಫಿ ಕುಡಿಯುವ ಬಿಡುವಿನಲ್ಲಿ ಈ ಹೊಳೆಯುವ ಹಾಳೆಯ ಪ್ರಸ್ತಾಪ ಬಂತು. ಅವರು ಶಿರಾಕಾವಾರನ್ನು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯಕ್ಕೆ ಆಹ್ವಾನಿಸಿದರು. ಅಲ್ಲಿ ಭೌತವಿಜ್ಞಾನಿ ಅಲನ್ ಹೀಗರ್ ಕೂಡ ಜೊತೆಗೂಡಿದರು. ಆ ಹಾಳೆಗೆ ಅಯೋಡಿನ್ ಆವಿಯನ್ನು ತಾಗಿಸಿದಾಗ ಅದರ ವಿದ್ಯುತ್ ಹರಿಸುವ ಶಕ್ತಿ ಒಂದು ಕೋಟಿ ಪಟ್ಟು ಹೆಚ್ಚಿತು. 1977ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. 2000ನೇ ಇಸವಿಯಲ್ಲಿ ಮೂವರಿಗೂ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ದೊರೆಯಿತು.

ಪ್ಲಾಸ್ಟಿಕ್ ಎಂದರೆ ಸಣ್ಣ ಅಣುಗಳು ಮಣಿಸರದಂತೆ ಒಂದಕ್ಕೊಂದು ಜೋಡಿಕೊಂಡ ಉದ್ದನೆಯ ಸರಪಳಿ. ಇದನ್ನೇ ಪಾಲಿಮರ್ ಎನ್ನುತ್ತಾರೆ. ಸಾಮಾನ್ಯ ಪ್ಲಾಸ್ಟಿಕ್‌ನಲ್ಲಿ ಇಲೆಕ್ಟ್ರಾನುಗಳು ತಮ್ಮ ತಮ್ಮ ಸ್ಥಳದಲ್ಲಿ ಬಿಗಿಯಾಗಿ ಕಟ್ಟಿಹಾಕಲ್ಪಟ್ಟಿರುತ್ತವೆ. ವಿದ್ಯುತ್ ಹರಿಸುವ ಪಾಲಿಮರ್‌ಗಳಲ್ಲಿ ಸರಪಳಿಯ ಜೋಡಣೆಯೇ ಬೇರೆ. ಹೊರಗಿನ ಒಂದು ವಸ್ತುವನ್ನು ಸ್ವಲ್ಪ ಬೆರೆಸಿ ಕೆಲವು ಇಲೆಕ್ಟ್ರಾನುಗಳನ್ನು ತೆಗೆದರೆ ಉಳಿದವುಗಳಿಗೆ ಸರಿದಾಡಲು ಜಾಗ ಸಿಗುತ್ತದೆ. ಕಿಕ್ಕಿರಿದ ಬಸ್ಸಿನಿಂದ ನಾಲ್ಕು ಮಂದಿ ಇಳಿದರೆ ಉಳಿದವರು ಮುಂದೆ ಸಾಗಲು ದಾರಿಯಾದಂತೆ.

ಮೆದುಳು ಮಾತಾಡುವ ಬಗೆ

ನಮ್ಮ ಮೆದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಮಗುವಿನ ಅಳು ಕೇಳಿ ನಿದ್ದೆಯಿಂದ ಏಳುವುದು, ಹಾಲು ಉಕ್ಕುವ ಮುನ್ನ ಒಲೆ ಆರಿಸುವುದು, ಸತ್ತ ತಾಯಿಯ ಮುಖವನ್ನು ನೆನಪಿಸಿಕೊಳ್ಳುವುದು, ಹೀಗೆ ಪ್ರತಿಯೊಂದರ ಹಿಂದೆಯೂ ಈ ಕೋಶಗಳ ಪರಸ್ಪರ ಸಂವಾದವಿದೆ. ಆ ಸಂವಾದದ ಒಂದು ಭಾಷೆ ರಾಸಾಯನಿಕ, ಇನ್ನೊಂದು ವಿದ್ಯುತ್.

ಜೀವಿಗಳ ದೇಹಕ್ಕೂ ವಿದ್ಯುತ್ತಿಗೂ ನಂಟಿದೆ ಎಂಬುದನ್ನು ಇಟಲಿಯ ಲುಯಿಜಿ ಗಾಲ್ವಾನಿ ಕಪ್ಪೆಯ ಕಾಲಿನ ಪ್ರಯೋಗಗಳ ಮೂಲಕ 1791ರಲ್ಲಿ ಜಗತ್ತಿಗೆ ತಿಳಿಸಿದರು. ಜರ್ಮನಿಯ ಹಾನ್ಸ್ ಬರ್ಗರ್ 1924ರಲ್ಲಿ ಮೊದಲ ಬಾರಿಗೆ ಮನುಷ್ಯನ ತಲೆಯಿಂದ ಮೆದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸಿ 1929ರಲ್ಲಿ ಪ್ರಕಟಿಸಿದರು. ಇಂದು ಆಸ್ಪತ್ರೆಗಳಲ್ಲಿ ತಲೆಗೆ ವಯರು ಅಂಟಿಸಿ ಮಾಡುವ ಇಇಜಿ ಪರೀಕ್ಷೆಯ ಮೂಲ ಇದುವೇ.

ಆದರೆ ಈ ವಿದ್ಯುತ್ತು ನಮ್ಮ ಮನೆಯ ಕರೆಂಟಿನಂತಲ್ಲ. ತಂತಿಯಲ್ಲಿ ಹರಿಯುವುದು ಇಲೆಕ್ಟ್ರಾನು. ಮೆದುಳಿನಲ್ಲಿ ಹರಿಯುವುದು ಉಪ್ಪು ನೀರಿನಲ್ಲಿ ಕರಗಿರುವ ಸೋಡಿಯಂ, ಪೊಟ್ಯಾಸಿಯಂನಂಥ ವಿದ್ಯುದಾವೇಶದ ಕಣಗಳು. ಇವುಗಳಿಗೆ ಅಯಾನುಗಳೆಂದು ಹೆಸರು. ನರಕೋಶದ ಪೊರೆಯಲ್ಲಿ ಅತಿ ಸೂಕ್ಷ್ಮ ಬಾಗಿಲುಗಳಿವೆ. ಅವು ತೆರೆದಾಗ ಸೋಡಿಯಂ ಒಳಗೆ ನುಗ್ಗುತ್ತದೆ, ಮರುಕ್ಷಣವೇ ಪೊಟ್ಯಾಸಿಯಂ ಹೊರಗೆ ಬರುತ್ತದೆ. ಇದೆಲ್ಲ ಸೆಕೆಂಡಿನ ಸಾವಿರದ ಒಂದೆರಡು ಪಾಲಿನೊಳಗೆ ಮುಗಿದುಹೋಗುತ್ತದೆ. ಕೋಶದ ಒಳಗೆ ಇದರ ಏರಿಳಿತ ಸುಮಾರು 100 ಮಿಲಿವೋಲ್ಟ್. ಆದರೆ ಕೋಶದ ಹೊರಗೆ ನಿಂತು ಕೇಳುವವನಿಗೆ ಸಿಗುವುದು ಕೆಲವು ಹತ್ತು ಮೈಕ್ರೋವೋಲ್ಟ್ ಮಾತ್ರ. ಟಾರ್ಚಿನ ಒಂದು ಸೆಲ್ಲಿನ ಶಕ್ತಿಯನ್ನು 30,000 ಪಾಲು ಮಾಡಿ ಅದರಲ್ಲಿ ಒಂದು ಪಾಲನ್ನು ತೆಗೆದರೆ ಎಷ್ಟಾಗುತ್ತದೆಯೋ ಅಷ್ಟು. ಸಂತೆಯ ಗದ್ದಲದಲ್ಲಿ ಪಿಸುಮಾತು ಕೇಳುವುದೆಂದರೆ ಇದೇ.

ಗಾಜಿನ ತಟ್ಟೆಯಲ್ಲಿ ಬೆಳೆಯುವ ಕೋಶಗಳು

ಜೀವಂತ ಮನುಷ್ಯನ ತಲೆಯನ್ನು ತೆರೆದು ಪ್ರಯೋಗ ಮಾಡುವಂತಿಲ್ಲ. ಹಾಗಾದರೆ ಒಂದೊಂದು ಕೋಶದ ಮಾತನ್ನು ಕೇಳುವುದು ಹೇಗೆ? ದೇಹದ ಹೊರಗೆ ಕೋಶಗಳನ್ನು ಬೆಳೆಸುವುದೇ ಇದಕ್ಕೆ ಉಪಾಯ. 1907ರಲ್ಲಿ ಅಮೆರಿಕದ ರಾಸ್ ಹ್ಯಾರಿಸನ್ ಕಪ್ಪೆಯ ಭ್ರೂಣದ ನರದ ತುಣುಕೊಂದನ್ನು ದ್ರವದ ಹನಿಯಲ್ಲಿ ಜೀವಂತವಾಗಿಟ್ಟು, ಅದರಿಂದ ನರದ ಎಳೆ ಬೆಳೆಯುವುದನ್ನು ಕಣ್ಣಾರೆ ಕಂಡರು.

ಇಂದು ಸಾಮಾನ್ಯವಾಗಿ ಇಲಿಯ ಭ್ರೂಣದ ಮೆದುಳಿನಿಂದ ಕೋಶಗಳನ್ನು ಬೇರ್ಪಡಿಸಿ, ಅವು ಅಂಟಿಕೊಳ್ಳಲು ಅನುಕೂಲವಾಗುವ ಲೇಪ ಹಚ್ಚಿದ ತಟ್ಟೆಯಲ್ಲಿ ಬಿಡುತ್ತಾರೆ. 37 ಡಿಗ್ರಿ ಶಾಖ, ಬೇಕಾದಷ್ಟು ತೇವ, ಹೊತ್ತುಹೊತ್ತಿಗೆ ಬದಲಿಸುವ ಪೋಷಕ ದ್ರವ ಎಲ್ಲವೂ ಬೇಕು. ಬಾಣಂತಿಯ ಆರೈಕೆಗಿಂತ ಕಡಿಮೆಯೇನಲ್ಲ. ಕೆಲವೇ ದಿನಗಳಲ್ಲಿ ಕೋಶಗಳು ಕೈ ಚಾಚಿ ಪರಸ್ಪರ ಜೋಡಿಕೊಳ್ಳುತ್ತವೆ. ಒಂದು ವಾರದ ಹೊತ್ತಿಗೆ ಅಲ್ಲೊಂದು ಇಲ್ಲೊಂದು ಮಿಡಿತ ಆರಂಭವಾಗುತ್ತದೆ. ಎರಡು ಮೂರು ವಾರ ಕಳೆದರೆ ನೂರಾರು ಕೋಶಗಳು ಒಟ್ಟಿಗೇ ಮಿಡಿದು, ಒಟ್ಟಿಗೇ ಮೌನವಾಗುತ್ತವೆ.

ಈ ಮಿಡಿತವನ್ನು ಹಿಡಿಯಲು ತಟ್ಟೆಯ ತಳದಲ್ಲೇ ಇಲೆಕ್ಟ್ರೋಡುಗಳನ್ನು, ಅಂದರೆ ವಿದ್ಯುತ್ತನ್ನು ಗ್ರಹಿಸುವ ಸಣ್ಣ ಬಿಂದುಗಳನ್ನು, ಅಚ್ಚು ಹಾಕುತ್ತಾರೆ. 1972ರಲ್ಲಿ ಇಂಥ ತಟ್ಟೆಯಲ್ಲಿ ಕೋಳಿ ಭ್ರೂಣದ ಹೃದಯದ ಕೋಶಗಳ ಮಿಡಿತವನ್ನು ದಾಖಲಿಸಲಾಯಿತು. 1980ರಲ್ಲಿ ಕ್ಯಾಲಿಫೋರ್ನಿಯಾದ ಜೆರೋಮ್ ಪೈನ್ 32 ಇಲೆಕ್ಟ್ರೋಡುಗಳ ತಟ್ಟೆಯಿಂದ ಬೆಳೆಸಿದ ನರಕೋಶಗಳ ಮಾತನ್ನು ಕೇಳಿಸಿಕೊಂಡರು. ಈಗ ಪ್ರಯೋಗಾಲಯಗಳಲ್ಲಿ ಸಾಮಾನ್ಯವಾಗಿ ಕಾಣಸಿಗುವ ಒಂದು ಬಗೆಯ ತಟ್ಟೆಯಲ್ಲಿ 60 ಇಲೆಕ್ಟ್ರೋಡುಗಳಿರುತ್ತವೆ. ಒಂದೊಂದರ ಅಗಲ ಸುಮಾರು 30 ಮೈಕ್ರೋಮೀಟರ್. ನಮ್ಮ ತಲೆಗೂದಲಿಗಿಂತಲೂ ತೆಳ್ಳಗೆ.

ಲೋಹದ ಕಷ್ಟ, ಪಾಲಿಮರ್‌ನ ಪರಿಹಾರ

ಈ ಬಿಂದುಗಳನ್ನು ಬಹಳ ಕಾಲ ಚಿನ್ನ, ಪ್ಲಾಟಿನಂನಂಥ ಲೋಹಗಳಿಂದಲೇ ಮಾಡುತ್ತಿದ್ದರು. ಚಿನ್ನಕ್ಕಿಂತ ಉತ್ತಮವಾದುದು ಏನಿದೆ ಎಂದು ನಮಗನಿಸಬಹುದು. ಆದರೆ ಇಲ್ಲಿ ಚಿನ್ನಕ್ಕೂ ಒಂದು ಕೊರತೆ ಇದೆ.

ಲೋಹಕ್ಕೆ ಇಲೆಕ್ಟ್ರಾನಿನ ಭಾಷೆ ಮಾತ್ರ ಗೊತ್ತು. ಕೋಶಕ್ಕೆ ಅಯಾನಿನ ಭಾಷೆ ಮಾತ್ರ ಗೊತ್ತು. ಅಯಾನುಗಳು ಲೋಹದ ಒಳಗೆ ಹೋಗಲಾರವು. ಹೊಸ್ತಿಲಲ್ಲೇ ನಿಂತು, ಮೇಲ್ಮೈಯ ಮೂಲಕವಷ್ಟೇ ಸುದ್ದಿ ಮುಟ್ಟಿಸಬೇಕು. ಇಲೆಕ್ಟ್ರೋಡ್ ದೊಡ್ಡದಿದ್ದರೆ ಮೇಲ್ಮೈಯೂ ದೊಡ್ಡದು, ತೊಂದರೆಯಿಲ್ಲ. ಆದರೆ ಒಂದೇ ಕೋಶದ ಮಾತು ಕೇಳಬೇಕಾದರೆ ಇಲೆಕ್ಟ್ರೋಡ್ ಕೋಶದಷ್ಟೇ ಸಣ್ಣದಿರಬೇಕು. ಸಣ್ಣದಾದಷ್ಟೂ ಅಡ್ಡಿ ಹೆಚ್ಚುತ್ತದೆ. ಅಡ್ಡಿ ಹೆಚ್ಚಿದಷ್ಟೂ ಹಳೆಯ ರೇಡಿಯೋದಲ್ಲಿ ಕೇಳಿಬರುತ್ತಿದ್ದಂಥ ಕರಕರ ಸದ್ದು ಹೆಚ್ಚಿ, ಪಿಸುಮಾತು ಅದರಲ್ಲಿ ಮುಳುಗಿಹೋಗುತ್ತದೆ.

ಸ್ಟೀಲ್ ತಟ್ಟೆಯ ಮೇಲೆ ಒಂದು ಚಮಚ ಸಾರು ಸುರಿಯಿರಿ. ಅದು ಮೇಲೆಯೇ ನಿಲ್ಲುತ್ತದೆ. ಅದೇ ಸಾರನ್ನು ರಂಧ್ರಗಳಿರುವ ಮೆತ್ತನೆಯ ಸೆಟ್ ದೋಸೆಯ ಮೇಲೆ ಸುರಿಯಿರಿ. ಒಳಗೆಲ್ಲ ಹೀರಿಕೊಳ್ಳುತ್ತದೆ. ಲೋಹಕ್ಕೂ ವಿದ್ಯುತ್ ಹರಿಸುವ ಪಾಲಿಮರ್‌ಗೂ ಇರುವ ವ್ಯತ್ಯಾಸ ಹೆಚ್ಚುಕಡಿಮೆ ಇದುವೇ. ಪಾಲಿಮರ್ ನೀರನ್ನು ಹೀರಿ ಉಬ್ಬುತ್ತದೆ. ಅಯಾನುಗಳು ಅದರ ಒಳಗೆಲ್ಲ ಓಡಾಡುತ್ತವೆ. ಅದರ ಸರಪಳಿಯಲ್ಲಿ ಇಲೆಕ್ಟ್ರಾನುಗಳೂ ಓಡಾಡುತ್ತವೆ. ಎರಡೂ ಭಾಷೆ ಬಲ್ಲ ಸೊಸೆಯೊಬ್ಬಳು ಮನೆಗೆ ಬಂದಂತೆ, ಇದು ಎರಡೂ ಕಡೆಯವರ ಮಾತನ್ನು ಪರಸ್ಪರ ತಲುಪಿಸುತ್ತದೆ. ಹೊರಗಿನ ಅಳತೆ ಅಷ್ಟೇ ಇದ್ದರೂ ಇಡೀ ದಪ್ಪವೇ ಕೆಲಸಕ್ಕೆ ಬರುವುದರಿಂದ ಅಡ್ಡಿ ಹತ್ತಾರು ಪಟ್ಟು ಕಡಿಮೆಯಾಗುತ್ತದೆ.

ಈ ಕೆಲಸಕ್ಕೆ ಹೆಚ್ಚು ಹೆಸರಾದ ಪಾಲಿಮರ್ ಪೆಡಾಟ್. 1980ರ ದಶಕದ ಕೊನೆಯಲ್ಲಿ ಜರ್ಮನಿಯ ಬೇಯರ್ ಕಂಪೆನಿಯ ಪ್ರಯೋಗಾಲಯದಲ್ಲಿ ಇದು ರೂಪುಗೊಂಡಿತು. ಆಗ ಇದರ ಉಪಯೋಗವೇ ಬೇರೆ. ಕ್ಯಾಮರಾದ ರೀಲುಗಳಲ್ಲಿ ಉಜ್ಜಾಟದಿಂದ ಹುಟ್ಟುವ ಸಣ್ಣ ಕಿಡಿಗಳು ಚಿತ್ರವನ್ನು ಕೆಡಿಸುತ್ತಿದ್ದವು. ಅದನ್ನು ತಡೆಯಲು ರೀಲಿಗೆ ಈ ಪಾಲಿಮರ್‌ನ ತೆಳು ಲೇಪ ಹಚ್ಚಲಾಗುತ್ತಿತ್ತು. ನಮ್ಮಲ್ಲಿ ಅನೇಕರ ಮದುವೆಯ ಆಲ್ಬಮ್ಮು ರೀಲಿನ ಕಾಲದ್ದೇ. ರೀಲಿನ ಕಾಲ ಮುಗಿಯಿತು, ಪೆಡಾಟ್ ಮೆದುಳಿನ ಕಡೆಗೆ ಹೊರಳಿತು.

2003ರಲ್ಲಿ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ಡೇವಿಡ್ ಮಾರ್ಟಿನ್ ಮತ್ತು ಶಿನ್ಯಾನ್ ಟ್ರೇಸಿ ಕುಯಿ ಎಂಬ ಮಹಿಳಾ ವಿಜ್ಞಾನಿ, ನರದ ಇಲೆಕ್ಟ್ರೋಡುಗಳ ಮೇಲೆ ಪೆಡಾಟ್ ಲೇಪಿಸುವ ವಿಧಾನವನ್ನು ಪ್ರಕಟಿಸಿದರು. ವಿಧಾನ ಅರ್ಥವಾಗದಂಥದ್ದೇನಲ್ಲ. ಒಡವೆಗೆ ಚಿನ್ನದ ನೀರು ಕುಡಿಸುವಂತೆ, ಇಲೆಕ್ಟ್ರೋಡನ್ನು ದ್ರಾವಣದಲ್ಲಿ ಮುಳುಗಿಸಿ ಸಣ್ಣ ಪ್ರಮಾಣದ ವಿದ್ಯುತ್ ಹಾಯಿಸುತ್ತಾರೆ. ಬಿಡಿ ಅಣುಗಳು ಆ ಬಿಂದುವಿನ ಮೇಲೆಯೇ ಸರಪಳಿಯಾಗಿ ಬೆಳೆದು ಕಡುನೀಲಿ ಬಣ್ಣದ ಪದರವಾಗುತ್ತದೆ. ತೀರಾ ತೆಳುವಾಗಿ ಹಚ್ಚಿದರೆ ಅದರ ಮೂಲಕ ಬೆಳಕೂ ಹಾಯುತ್ತದೆ. ಹಾಗಾಗಿ ಸೂಕ್ಷ್ಮದರ್ಶಕದಲ್ಲಿ ಕೋಶವನ್ನು ನೋಡುತ್ತಲೇ ಅದರ ಮಾತನ್ನೂ ಕೇಳಬಹುದು. ಲೋಹದ ಬಿಂದುವಿನಲ್ಲಿ ಇದು ಸಾಧ್ಯವಿಲ್ಲ.

ಕೊರತೆಗಳೂ ಇವೆ. ದಿನಗಳೆದಂತೆ ಲೇಪ ಬಿರುಕು ಬಿಡುವುದುಂಟು, ಹಳೆಯ ಗೋಡೆಯ ಸುಣ್ಣದಂತೆ ಚಕ್ಕೆ ಏಳುವುದುಂಟು. ಅದನ್ನು ಗಟ್ಟಿಯಾಗಿ ಅಂಟಿಸುವ ಬಗೆಯನ್ನು ಹುಡುಕುವುದರಲ್ಲೇ ಅನೇಕ ಸಂಶೋಧಕರು ತೊಡಗಿದ್ದಾರೆ.

ತಟ್ಟೆಯಿಂದ ಆಪರೇಷನ್ ಕೋಣೆಗೆ

ಈ ಪಾಲಿಮರ್ ತಟ್ಟೆಯಲ್ಲೇ ಉಳಿಯಲಿಲ್ಲ. ಅಪಸ್ಮಾರ ಇರುವ ಕೆಲವರಿಗೆ ಎಷ್ಟೇ ಔಷಧ ಕೊಟ್ಟರೂ ಫಿಟ್ಸ್ ನಿಲ್ಲುವುದಿಲ್ಲ. ಅಂಥವರಲ್ಲಿ ಆಯ್ದವರಿಗೆ ಶಸ್ತ್ರಚಿಕಿತ್ಸೆ ಮಾಡಿ, ಫಿಟ್ಸ್ ಹುಟ್ಟುವ ಮೆದುಳಿನ ಜಾಗವನ್ನು ತೆಗೆಯುತ್ತಾರೆ. ಎಲ್ಲಿ ಕತ್ತರಿಸಬೇಕು, ಎಲ್ಲಿ ಕತ್ತರಿಸಬಾರದು ಎಂಬುದು ಜೀವನ್ಮರಣದ ಪ್ರಶ್ನೆ. ಒಂದಿಷ್ಟು ಆಚೀಚೆಯಾದರೆ ಮಾತೋ ನೆನಪೋ ಹೋಗಬಹುದು.

2015ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದ ದಿಯಾನ್ ಖೊದಾಗೊಲಿ, ಯೋರ್ಗಿ ಬುಝಾಕಿ ಮತ್ತು ಸಂಗಡಿಗರು 4 ಮೈಕ್ರೋಮೀಟರ್ ದಪ್ಪದ ಒಂದು ಹಾಳೆಯನ್ನು ತಯಾರಿಸಿದರು. ಅದರ ತುಂಬ ಪೆಡಾಟ್‌ನ ಪುಟ್ಟ ಇಲೆಕ್ಟ್ರೋಡುಗಳು. ಒದ್ದೆ ಬಟ್ಟೆ ಮೈಗೆ ಅಂಟುವಂತೆ ಅದು ಮೆದುಳಿನ ಏರುತಗ್ಗಿಗೆ ಅಂಟಿಕೊಳ್ಳುತ್ತದೆ, ಎಲ್ಲಿಯೂ ಚುಚ್ಚುವುದಿಲ್ಲ. ಇಲಿಗಳಲ್ಲಿ ಮಾತ್ರವಲ್ಲ, ಅಪಸ್ಮಾರದ ಶಸ್ತ್ರಚಿಕಿತ್ಸೆಗೆ ಒಳಗಾದ ರೋಗಿಗಳಲ್ಲೂ ಮೆದುಳಿನ ಮೇಲ್ಮೈಯಿಂದಲೇ ಒಂದೊಂದು ನರಕೋಶದ ಮಿಡಿತವನ್ನು ಅದು ಹಿಡಿಯಿತು. ಅದುವರೆಗೆ ಇದಕ್ಕಾಗಿ ಸೂಜಿಯಂಥ ಇಲೆಕ್ಟ್ರೋಡನ್ನು ಮೆದುಳಿನೊಳಗೆ ಇಳಿಸಬೇಕಾಗುತ್ತಿತ್ತು.

ಕರ್ನಾಟಕಕ್ಕೂ ಈ ವಿಜ್ಞಾನದಲ್ಲಿ ಪಾಲಿದೆ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಕೆ. ಎಸ್. ನಾರಾಯಣ್ ಮತ್ತು ವಿನಿ ಗೌತಮ್ ಇಸ್ರೇಲಿನ ಸಂಶೋಧಕರ ಜೊತೆಗೂಡಿ 2014ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಇನ್ನೂ ಬೆಳಕನ್ನು ಗ್ರಹಿಸಲಾರದ ಹಂತದಲ್ಲಿದ್ದ ಕೋಳಿ ಭ್ರೂಣದ ಅಕ್ಷಿಪಟಲವನ್ನು ಬೆಳಕಿಗೆ ಸ್ಪಂದಿಸುವ ಪಾಲಿಮರ್ ಪದರದ ಮೇಲಿಟ್ಟಾಗ, ಬೆಳಕು ಬಿದ್ದೊಡನೆ ಅದರ ನರಕೋಶಗಳು ಮಿಡಿದವು. ದೃಷ್ಟಿ ಕಳಕೊಂಡವರಿಗೆ ಕೃತಕ ಅಕ್ಷಿಪಟಲ ಮಾಡುವ ದಾರಿಯಲ್ಲಿ ಇದೊಂದು ಹೆಜ್ಜೆ.

ಗರ್ಭಿಣಿಯ ಪ್ರಶ್ನೆ

ನಮ್ಮ ಓದುಗ ಸಹೋದರಿಯರು ವಿಶೇಷವಾಗಿ ತಿಳಿಯಬೇಕಾದ ವಿಷಯ ಇಲ್ಲಿದೆ. ಹೊಸ ಔಷಧವೊಂದು ಗರ್ಭದಲ್ಲಿರುವ ಮಗುವಿನ ಮೆದುಳಿಗೆ ಹಾನಿ ಮಾಡುತ್ತದೆಯೇ ಎಂದು ಗರ್ಭಿಣಿಯ ಮೇಲೆ ಪ್ರಯೋಗಿಸಿ ನೋಡುವಂತಿಲ್ಲ. ಪ್ರಾಣಿಗಳಲ್ಲಿ ನೋಡಿದ್ದು ಮನುಷ್ಯರಲ್ಲಿ ಹಾಗೆಯೇ ಆಗಬೇಕೆಂದೂ ಇಲ್ಲ. ಹೀಗಾಗಿ ಸತ್ಯ ಗೊತ್ತಾಗುವಾಗ ಎಷ್ಟೋ ಮಕ್ಕಳು ಹುಟ್ಟಿಬಿಟ್ಟಿರುತ್ತಾರೆ.

ಅಪಸ್ಮಾರಕ್ಕೆ ಕೊಡುವ ವಾಲ್‌ಪ್ರೋಯೇಟ್ ಎಂಬ ಔಷಧವನ್ನೇ ನೋಡಿ. 1967ರಲ್ಲಿ ಫ್ರಾನ್ಸಿನಲ್ಲಿ ಬಳಕೆಗೆ ಬಂತು, ಲಕ್ಷಾಂತರ ಜನರ ಫಿಟ್ಸ್ ನಿಲ್ಲಿಸಿತು. ಆದರೆ ಗರ್ಭಿಣಿಯರು ಸೇವಿಸಿದರೆ 100 ಮಕ್ಕಳಲ್ಲಿ ಸುಮಾರು 10 ಮಕ್ಕಳಿಗೆ ಅಂಗವೈಕಲ್ಯ, 30ರಿಂದ 40 ಮಕ್ಕಳಿಗೆ ಮಾತು, ಕಲಿಕೆ, ವರ್ತನೆಯ ತೊಂದರೆಗಳು ಉಂಟಾಗಬಹುದೆಂದು ಕ್ರಮೇಣ ತಿಳಿದುಬಂತು. 2018ರಲ್ಲಿ ಯುರೋಪಿನಲ್ಲಿ ಗರ್ಭ ಧರಿಸುವ ವಯಸ್ಸಿನ ಹೆಣ್ಣುಮಕ್ಕಳಿಗೆ ಇದನ್ನು ಕೊಡುವುದರ ಮೇಲೆ ಕಟ್ಟುನಿಟ್ಟಿನ ನಿರ್ಬಂಧ ಬಂತು. ಹಾಗೆಂದು ಇದನ್ನು ಓದಿ ಯಾರೂ ತಾವಾಗಿ ಮಾತ್ರೆ ನಿಲ್ಲಿಸಬಾರದು. ಹಠಾತ್ತನೆ ನಿಲ್ಲಿಸಿದರೆ ಫಿಟ್ಸ್ ತೀವ್ರವಾಗಿ ಮರುಕಳಿಸಿ ಪ್ರಾಣಕ್ಕೇ ಅಪಾಯವಾಗಬಹುದು. ಮದುವೆ ನಿಶ್ಚಯವಾದಾಗಲೇ, ಗರ್ಭಿಣಿಯಾಗುವ ಮೊದಲೇ, ವೈದ್ಯರಲ್ಲಿ ಕೇಳಿ ಬೇಕಿದ್ದರೆ ಔಷಧ ಬದಲಿಸಿಕೊಳ್ಳಬೇಕು.

ಇಂಥಲ್ಲಿ ಗಾಜಿನ ತಟ್ಟೆಯ ಕೋಶಗಳು ನೆರವಿಗೆ ಬರುತ್ತವೆ. ಜಪಾನಿನ ಶಿನ್ಯಾ ಯಮನಾಕಾ 2006ರಲ್ಲಿ ಇಲಿಯ, 2007ರಲ್ಲಿ ಮನುಷ್ಯನ ಚರ್ಮದ ಕೋಶಗಳನ್ನು ಆಕರಕೋಶಗಳಾಗಿ ಪರಿವರ್ತಿಸಿ ತೋರಿಸಿದರು. 2012ರಲ್ಲಿ ಅವರಿಗೆ ನೊಬೆಲ್ ಸಿಕ್ಕಿತು. ಆ ಆಕರಕೋಶಗಳಿಂದ ಮನುಷ್ಯರ ನರಕೋಶಗಳನ್ನೇ ಬೆಳೆಸಬಹುದು. ಭ್ರೂಣವನ್ನು ಮುಟ್ಟಬೇಕಾಗಿಲ್ಲ, ಚರ್ಮದ ಚೂರೋ ಒಂದಿಷ್ಟು ರಕ್ತವೋ ಸಾಕು. ಅವುಗಳನ್ನು ಇಲೆಕ್ಟ್ರೋಡುಗಳ ತಟ್ಟೆಯಲ್ಲಿ ಬೆಳೆಸಿ ಔಷಧದ ಹನಿ ಹಾಕಿದರೆ ಮಿಡಿತ ಹೆಚ್ಚಿತೇ, ತಾಳ ತಪ್ಪಿತೇ, ನಿಂತೇಹೋಯಿತೇ ಎಂಬುದು ದಾಖಲಾಗುತ್ತದೆ. ಔಷಧವು ಫಿಟ್ಸ್ ತರಿಸುವಂಥದ್ದೇ ಎಂದು ಮೊದಲೇ ಜರಡಿ ಹಿಡಿಯಲು ಇಂಥ ತಟ್ಟೆಗಳನ್ನು ಬಳಸಲಾಗುತ್ತಿದೆ. ಇಲೆಕ್ಟ್ರೋಡ್ ಎಷ್ಟು ಸೂಕ್ಷ್ಮವೋ ಸುದ್ದಿ ಅಷ್ಟು ಖಚಿತ. ಪಾಲಿಮರ್‌ನ ಮಹತ್ವ ಇರುವುದು ಇಲ್ಲಿಯೇ.

2015ರಲ್ಲಿ ಬ್ರೆಝಿಲ್‌ನಲ್ಲಿ ಝೀಕಾ ಜ್ವರ ಹಬ್ಬಿ, ಪುಟ್ಟ ತಲೆಯ ಶಿಶುಗಳು ಹುಟ್ಟತೊಡಗಿದಾಗ ತಾಯಂದಿರು ಕಂಗಾಲಾಗಿದ್ದರು. ಬೆಳೆಯುವ ಮೆದುಳಿನ ಕೋಶಗಳನ್ನು ಆ ವೈರಸ್ ಕೊಲ್ಲುತ್ತದೆ ಎಂಬುದನ್ನು 2016ರಲ್ಲಿ ತೋರಿಸಿಕೊಟ್ಟದ್ದೂ ಹೀಗೆ ಆಕರಕೋಶಗಳಿಂದ ಬೆಳೆಸಿದ ಮನುಷ್ಯರ ಕೋಶಗಳೇ.

ಬೆಂಗಳೂರಿನ ನಿಮ್ಹಾನ್ಸ್, ಎನ್‌ಸಿಬಿಎಸ್ ಮತ್ತು ಇನ್‌ಸ್ಟೆಮ್ ಸಂಸ್ಥೆಗಳು 2010ರ ದಶಕದಲ್ಲಿ ಆರಂಭಿಸಿದ ಯೋಜನೆಯೊಂದರಲ್ಲಿ, ಒಂದೇ ಕುಟುಂಬದ ಹಲವರಿಗೆ ತೀವ್ರ ಮಾನಸಿಕ ರೋಗವಿದ್ದಾಗ ಅವರ ಒಪ್ಪಿಗೆ ಪಡೆದು ರಕ್ತದಿಂದ ಆಕರಕೋಶಗಳನ್ನು, ಅವುಗಳಿಂದ ನರಕೋಶಗಳನ್ನು ಬೆಳೆಸಿ ಅಧ್ಯಯನ ನಡೆಸಿದರು. ಮಾನಸಿಕ ರೋಗವನ್ನು ಮನೆತನದ ಕಳಂಕವೆಂದು ಮುಚ್ಚಿಡುವ ನಮ್ಮ ಸಮಾಜದಲ್ಲಿ, ಮುಂದೆ ಬಂದು ರಕ್ತ ಕೊಟ್ಟ ಆ ಕುಟುಂಬಗಳ ಧೈರ್ಯ ಸಣ್ಣದಲ್ಲ.

ತಟ್ಟೆಯ ಕೋಶ ಯೋಚಿಸುತ್ತದೆಯೇ?

ಕೋಶಗಳು ಮಿಡಿಯುತ್ತವೆ ಎಂದಾಗ ಅವು ಯೋಚಿಸುತ್ತವೆಯೇ, ನೋವು ತಿನ್ನುತ್ತವೆಯೇ ಎಂಬ ಪ್ರಶ್ನೆ ಏಳುವುದು ಸಹಜ. 2022ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್‌ನ ಸಂಶೋಧಕರು ಸುಮಾರು 8 ಲಕ್ಷ ಕೋಶಗಳಿದ್ದ ತಟ್ಟೆಯೊಂದಕ್ಕೆ ಪಾಂಗ್ ಎಂಬ ಹಳೆಯ ಕಂಪ್ಯೂಟರ್ ಆಟವನ್ನು ಆಡಲು ಕಲಿಸಿದೆವು ಎಂದು ಪ್ರಕಟಿಸಿದಾಗ ಈ ಚರ್ಚೆ ಬಿಸಿಯಾಯಿತು. ಅದರಲ್ಲಿದ್ದುದು ಲೋಹದ ಇಲೆಕ್ಟ್ರೋಡುಗಳು. ಕೋಶಗಳಿಗೆ 'ಸಂವೇದನೆ' ಇದೆ ಎಂಬರ್ಥದ ಪದವನ್ನು ಅವರು ಬಳಸಿದ್ದನ್ನು ಅನೇಕ ವಿಜ್ಞಾನಿಗಳು ವಿರೋಧಿಸಿದರು. 8,600 ಕೋಟಿಯ ಮುಂದೆ 8 ಲಕ್ಷ ಎಷ್ಟು? ಕಣ್ಣಿಲ್ಲ, ಕಿವಿಯಿಲ್ಲ, ದೇಹವಿಲ್ಲ. ನಾಲ್ಕು ಇಟ್ಟಿಗೆ ಮನೆಯಾಗದು. ಆದರೂ ಯಾರ ರಕ್ತದಿಂದ ಈ ಕೋಶಗಳು ಬಂದವೋ ಅವರ ಒಪ್ಪಿಗೆ ಮತ್ತು ಗೌಪ್ಯತೆ ಒಂದು ಅಮಾನತ್ತು. ಅದನ್ನು ಕಾಯುವ ಹೊಣೆ ಸಂಶೋಧಕರದ್ದು.

ಬೀಗದ ಕೈ ಮತ್ತು ಮೆದುಳು

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಜಗತ್ತಿನಲ್ಲಿ ಸುಮಾರು 5 ಕೋಟಿ ಮಂದಿಗೆ ಅಪಸ್ಮಾರವಿದೆ. ಸರಿಯಾದ ಚಿಕಿತ್ಸೆ ಸಿಕ್ಕರೆ ಅವರಲ್ಲಿ 100ಕ್ಕೆ 70 ಮಂದಿಯವರೆಗೆ ಫಿಟ್ಸ್ ಇಲ್ಲದೆ ಬಾಳಬಹುದು. ಅಂದರೆ ಬಹುಪಾಲು ರೋಗಿಗಳಿಗೆ ಬೇಕಾದ ಔಷಧ ಈಗಾಗಲೇ ಇದೆ. ಅದು ಅವರನ್ನು ತಲುಪುತ್ತಿಲ್ಲ ಎಂಬುದೇ ದುಃಖ.

ಯಾಕೆ ತಲುಪುತ್ತಿಲ್ಲ? ಬಡತನ ಒಂದು ಕಾರಣ. ನಮ್ಮ ತಪ್ಪು ತಿಳುವಳಿಕೆ ಇನ್ನೊಂದು. ಹುಡುಗಿಗೆ ಫಿಟ್ಸ್ ಬಂದರೆ ಶೈತಾನನ ಬಾಧೆ ಎಂದು ಮಂತ್ರಿಸಿದ ನೂಲಿಗಾಗಿ ಊರೂರು ಅಲೆಯುವವರಿದ್ದಾರೆ. ಮದುವೆ ಸಂಬಂಧ ತಪ್ಪೀತೆಂದು ವೈದ್ಯರ ಚೀಟಿಯನ್ನು ಕಪಾಟಿನ ತಳದಲ್ಲಿ ಅಡಗಿಸುವವರಿದ್ದಾರೆ. ಗಂಡನ ಮನೆಯಲ್ಲಿ ಗೊತ್ತಾಗಬಾರದೆಂದು ಮಾತ್ರೆ ನುಂಗುವುದನ್ನೇ ಬಿಟ್ಟು, ಬಚ್ಚಲಲ್ಲೋ ಒಲೆಯ ಬಳಿಯೋ ಬಿದ್ದು ಅಪಾಯಕ್ಕೀಡಾಗುವ ಹೆಣ್ಣುಮಕ್ಕಳಿದ್ದಾರೆ. ಫಿಟ್ಸ್ ಎಂದರೆ ನರಕೋಶಗಳ ಗುಂಪೊಂದು ಮಿತಿಮೀರಿ ಒಟ್ಟಿಗೇ ಮಿಡಿಯುವುದು. ಅದು ಯಾರ ಶಾಪವೂ ಅಲ್ಲ, ಮುಟ್ಟಿದರೆ ಅಂಟುವುದೂ ಇಲ್ಲ.

ಫಿಟ್ಸ್ ಬಂದವರ ಕೈಗೆ ಕಬ್ಬಿಣದ ಬೀಗದ ಕೈ ಹಿಡಿಸುವ ರೂಢಿ ನಮ್ಮಲ್ಲಿ ಇಂದಿಗೂ ಇದೆ. ಮೆದುಳಿನ ಕೋಶಗಳ ಮಿಡಿತಕ್ಕೂ ಅಂಗೈಯ ಕಬ್ಬಿಣಕ್ಕೂ ಯಾವ ಸಂಬಂಧವೂ ಇಲ್ಲ. ಫಿಟ್ಸ್ ತಾನಾಗಿಯೇ ಒಂದೆರಡು ನಿಮಿಷಗಳಲ್ಲಿ ನಿಲ್ಲುವುದರಿಂದ ಬೀಗದ ಕೈಗೆ ಹೆಸರು ಬಂದಿದೆ, ಅಷ್ಟೆ. ಮಾಡಬೇಕಾದದ್ದು ಇಷ್ಟು: ಹತ್ತಿರದಲ್ಲಿರುವ ಚೂಪಾದ, ಬಿಸಿಯಾದ ವಸ್ತುಗಳನ್ನು ಸರಿಸಿ. ತಲೆಯ ಕೆಳಗೆ ಮೆತ್ತನೆಯದ್ದೇನಾದರೂ ಇಡಿ. ಕುತ್ತಿಗೆಯ ಬಳಿ ಬಿಗಿಯಾದ ಶಾಲು, ಬಟ್ಟೆ ಇದ್ದರೆ ಸಡಿಲಿಸಿ. ಒಂದು ಮಗ್ಗುಲಿಗೆ ಹೊರಳಿಸಿ ಮಲಗಿಸಿ. ಕೈಕಾಲು ಅದುಮಿ ಹಿಡಿಯಬೇಡಿ. ಬಾಯಿಗೆ ಚಮಚ, ಬಟ್ಟೆ, ನೀರು ಏನನ್ನೂ ಹಾಕಬೇಡಿ. ಗಡಿಯಾರ ನೋಡಿ. 5 ನಿಮಿಷ ದಾಟಿದರೆ, ಎಚ್ಚರವಾಗದೆ ಮತ್ತೊಮ್ಮೆ ಬಂದರೆ, ಅಥವಾ ಆಕೆ ಗರ್ಭಿಣಿಯಾಗಿದ್ದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ.

ಇದೆಲ್ಲ ಮುಗಿದು ಆಕೆ ಕಣ್ಣು ತೆರೆದಾಗ ಸುತ್ತ ನಿಂತವರ ಮುಖಗಳು ಭಯದಿಂದಲೋ ಅಸಹ್ಯದಿಂದಲೋ ತುಂಬಿರದಂತೆ ನೋಡಿಕೊಳ್ಳಿ. ಪ್ರಯೋಗಾಲಯದಲ್ಲಿ ಒಂದು ಕೋಶದ ಪಿಸುಮಾತು ಕೇಳಲು ಅಷ್ಟೊಂದು ಜನ ವರ್ಷಗಟ್ಟಲೆ ದುಡಿದಿದ್ದಾರೆ. ನಮ್ಮದೇ ಮನೆಯ ಹುಡುಗಿ ತನ್ನ ಕಾಯಿಲೆಯ ಬಗ್ಗೆ ಬಾಯಿಬಿಟ್ಟು ಹೇಳಿದರೆ ಅದನ್ನು ಕೇಳಲು ಯಂತ್ರವೇನೂ ಬೇಕಾಗಿಲ್ಲ.